ಇಳಿಯದ ಗಾಜು

ಫ್ಯೂಸ್ ಸರಿಯಾಗಿಯೇ ಇತ್ತು.

ಹಿಲ್ಕಾ ಅದನ್ನು ಎರಡು ಬೆರಳ ನಡುವೆ ಹಿಡಿದು ಬಲ್ಬಿನ ಬೆಳಕಿಗೆ ಎತ್ತಿ ನೋಡಿದಳು. ಒಳಗಿನ ತಂತಿ ಎಲ್ಲೂ ಕಡಿದಿರಲಿಲ್ಲ. ಸಮುದ್ರದ ತಳದಲ್ಲಿ ಮಲಗಿ ಎದ್ದು ಬಂದ ಕಾರಿನದು ಎಂದರೆ ಯಾರೂ ನಂಬುವಂತಿರಲಿಲ್ಲ.

"ಅಷ್ಟು ಹೊತ್ತು ದಿಟ್ಟಿಸಿ ನೋಡಿದ್ರೆ ಅದಕ್ಕೂ ನಾಚಿಕೆ ಆಗುತ್ತೆ ಕಣೇ," ಎಂದಳು ಔನೆ. ಆಕೆ ಒಲೆಯ ಪಕ್ಕ ಹಳೇ ಟೈರೊಂದರ ಮೇಲೆ ಕೂತಿದ್ದಳು. ಕೈಗಳೆರಡನ್ನೂ ಕಂಕುಳಲ್ಲಿ ಬಚ್ಚಿಟ್ಟುಕೊಂಡಿದ್ದಳು. ಕಾರನ್ನು ಮುಟ್ಟಕೂಡದೆಂದು ಹಿಲ್ಕಾ ಬೆಳಿಗ್ಗೆಯೇ ಹೇಳಿದ್ದಳು. ನಲವತ್ತು ವರ್ಷ ಕಾರುಗಳನ್ನೇ ಮುಟ್ಟಿಕೊಂಡು ಬಂದ ಕೈಗಳನ್ನು ಸುಮ್ಮನೆ ಕೂರಿಸುವುದಕ್ಕೆ ಔನೆಗೆ ಬೇರೆ ದಾರಿ ತೋಚಿರಲಿಲ್ಲ.

"ಫ್ಯೂಸ್ ಸರಿ ಇದೆ."

"ಇರುತ್ತೆ. ಹಾಕಿದ್ದು ನಾನು."

ಆರ್ವಿ ಹಿಯೆಟಾಲ ತನ್ನ ಹಳೆಯ ಕಾರಿನ ಸಮೇತ ಹೆಪ್ಪುಗಟ್ಟಿದ ಸಮುದ್ರದ ಅಡಿಗೆ ಹೋಗಿ ಸತ್ತಿದ್ದ. ಆ ಕಾರಿನ ಎಡಗಡೆಯ ಗಾಜನ್ನು, ಅಂದರೆ ಚಾಲಕನ ಬದಿಯ ಗಾಜನ್ನು, ಅದೇ ವಾರ ರಿಪೇರಿ ಮಾಡಿದವಳು ಔನೆ.

ಕಾರನ್ನು ಆಚೆ ದಡದ ನಗರಕ್ಕೆ ಸಾಗಿಸುವುದು ಸಾಧ್ಯವಿರಲಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕಡಲ ಮೇಲೆ ಹಾದುಹೋಗುವ ಮಂಜುಗಡ್ಡೆಯ ರಸ್ತೆಯನ್ನು ಘಟನೆಯ ನಂತರ ಮುಚ್ಚಿದ್ದರು. ವಾರ್ಪಸಾರಿ ದ್ವೀಪದಲ್ಲಿ ಒಲೆಯಿರುವ ಗ್ಯಾರೇಜು ಇದ್ದದ್ದು ಒಂದೇ. ಹಾಗಾಗಿ ಆರೋಪ ಹೊತ್ತವಳ ಸೂರಿನಡಿಯಲ್ಲೇ ಆರೋಪದ ಪರೀಕ್ಷೆ ನಡೆಯುತ್ತಿತ್ತು.

ಬೆಳಿಗ್ಗೆ ಔಲು ನಗರದಿಂದ ಹಿಲ್ಕಾಳ ಹಿರಿಯ ಪೊಲೀಸ್ ಅಧಿಕಾರಿ ಫೋನಿನಲ್ಲಿ ಹೇಳಿದ್ದಿಷ್ಟು: "ಗಾಜು ಕೆಟ್ಟಿತ್ತು ತಾನೆ? ಹಾಗಾದ್ರೆ ಅವಳ ನಿರ್ಲಕ್ಷ್ಯ. ಸಂಜೆ ಒಳಗೆ ಹೇಳ್ಬಿಡು, ಮುಗಿಸೋಣ." ಮುಗಿಸುವುದೆಂದರೆ ಔನೆಯ ಮೇಲೆ ಸಾವಿನ ಮೊಕದ್ದಮೆ. ಗ್ಯಾರೇಜಿಗೆ ಬೀಗ. ಬಹುಶಃ ಜೈಲು.

ಹಿಲ್ಕಾ ಕಾರನ್ನು ಒಂದು ಸುತ್ತು ಬಂದಳು. ಚೌಕಾಕಾರದ ಮೂತಿಯ, ಸೀಸದ ಬಣ್ಣದ ಕಾರು. ಬಾನೆಟ್ಟಿನ ಸಂದಿಯಲ್ಲಿ ಕಡಲ ಪಾಚಿಯ ಎಳೆಯೊಂದು ಒಣಗಿ ಅಂಟಿಕೊಂಡಿತ್ತು. ಒಲೆಯ ಬೆಳಕಿಗೆ ಅದರ ದೀಪಗಳು ಆಗಾಗ ಹೊಳೆಯುತ್ತಿದ್ದವು. ಬಲೆಗೆ ಬಿದ್ದ ದೊಡ್ಡ ಮೀನೊಂದು ಇನ್ನೂ ಪೂರ್ತಿ ಸತ್ತಿಲ್ಲವೇನೋ ಅನ್ನಿಸುವ ಹಾಗೆ.

ಎಡಗಡೆಯ ಗಾಜು ಮೇಲಿತ್ತು. ಬಲಗಡೆಯದು ಪೂರ್ತಿ ಕೆಳಗಿಳಿದಿತ್ತು. ಮುಳುಗುಗಾರರು ನೀರಿನಡಿಯಲ್ಲಿ ಕಂಡದ್ದೂ ಹಾಗೆಯೇ. ಮೇಲೆತ್ತಿದ ಮೇಲೆ ಯಾರೂ ಅವನ್ನು ಮುಟ್ಟಿರಲಿಲ್ಲ.

ವಾರ್ಪಸಾರಿಯಲ್ಲಿ ಮಕ್ಕಳು ಬೂಟಿನ ದಾರ ಕಟ್ಟುವುದಕ್ಕೂ ಮೊದಲೇ ಕಲಿಯುವ ವಿಷಯ ಒಂದಿದೆ. ಕಾರು ನೆಲ ಬಿಟ್ಟು ಮಂಜುಗಡ್ಡೆಗೆ ಇಳಿದ ಕೂಡಲೇ ಬೆಲ್ಟು ಬಿಚ್ಚಬೇಕು, ತನ್ನ ತನ್ನ ಪಕ್ಕದ ಗಾಜನ್ನು ತಾನು ಇಳಿಸಬೇಕು. ಮೂಗು ಸೆಟೆದುಹೋಗುವ ಚಳಿಯಿದ್ದರೂ ಸರಿ, ಮೈಮೇಲೆ ಹೊಸ ಬಟ್ಟೆಯಿದ್ದರೂ ಸರಿ. ಮಲಗಿದ ಸಮುದ್ರದ ಮೈಮೇಲೆ ನಡೆಯುವವರು ಓಡುವ ದಾರಿ ತೆರೆದಿಟ್ಟುಕೊಂಡೇ ನಡೆಯಬೇಕೆಂದು ಹಿಲ್ಕಾಳ ಅಜ್ಜಿ ಹೇಳುತ್ತಿದ್ದಳು. ಅದು ಎದ್ದರೆ ಕೇಳಿಕೊಂಡು ಏಳುವುದಿಲ್ಲ ಎಂದು.

ಆರ್ವಿ ಹುಟ್ಟಿ ಬೆಳೆದು ಮುದುಕನಾದದ್ದು ಇದೇ ದ್ವೀಪದಲ್ಲಿ. ಅವನು ಎಡಗಡೆಯ ಗಾಜು ಏರಿಸಿಕೊಂಡು ಕಡಲಿಗೆ ಇಳಿದನೆಂದರೆ ಅದಕ್ಕೆ ಒಂದೇ ಕಾರಣವಿರಲು ಸಾಧ್ಯ: ಗಾಜು ಇಳಿಯಲಿಲ್ಲ. ಅದಕ್ಕೇ ಬದಲಿಗೆ ಬಲಗಡೆಯದನ್ನು ಇಳಿಸಿಕೊಂಡ. ನೀರು ನುಗ್ಗಿದಾಗ ಹಣೆ ಸ್ಟೀರಿಂಗಿಗೆ ಬಡಿಯಿತು, ಆ ಕಡೆಗೆ ತೆವಳಿಕೊಂಡು ಹೋಗಲು ಆಗಲಿಲ್ಲ. ಔಲುವಿನವರ ಲೆಕ್ಕ ಇದು. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು.

"ಇಲ್ಪೊ ಬಂದಿದ್ದ ನಿನ್ನೆ," ಎಂದಳು ಔನೆ. "ಆರ್ವಿ ಅಳಿಯ. ಬಾಗಿಲ ಹತ್ರಾನೇ ನಿಂತ್ಕೊಂಡು, ನಮ್ಮ ಮಾವನ್ನ ಕೊಂದವಳು ನೀನು ಅಂದ."

"ನೀವೇನಂದ್ರಿ?"

"ಬಾಗಿಲು ಹಾಕ್ಕೋ, ಚಳಿ ಒಳಗೆ ಬರುತ್ತೆ ಅಂದೆ." ಔನೆ ಮೂಗು ಸೀಟಿದಳು. "ನೀನ್ಯಾವಾಗಿಂದ ನನಗೆ ನೀವು ತಾವು ಅನ್ನೋಕೆ ಶುರು ಮಾಡ್ದೆ? ಬೇಸಿಗೆ ರಜದಲ್ಲಿ ಬಂದು ನನ್ನ ಅಡುಗೆಮನೇಲಿ ಬನ್ನು ಕದಿಯುವಾಗ ಅತ್ತೆ ಅಂತಿದ್ದೆ."

"ಈಗ ಬನ್ನು ಕದಿಯೋಕೆ ಬಂದಿಲ್ವಲ್ಲ."

"ಹೌದೌದು. ಈಗ ನನ್ನನ್ನೇ ಹೊತ್ಕೊಂಡು ಹೋಗೋಕೆ ಬಂದಿದೀಯ."

ಹಿಲ್ಕಾ ಕಾರಿನೊಳಕ್ಕೆ ಬಗ್ಗಿದಳು. ಈ ಕಾರಿನಲ್ಲಿ ಗಾಜಿನ ಸ್ವಿಚ್ಚುಗಳು ಬಾಗಿಲ ಮೇಲಿರಲಿಲ್ಲ. ಮುಂದಿನ ಎರಡು ಸೀಟುಗಳ ನಡುವೆ, ಗೇರಿನ ಹಿಂದೆ ಇದ್ದವು. ಅವುಗಳ ಪೆಟ್ಟಿಗೆಯನ್ನು ಆಕೆ ಸ್ಕ್ರೂಡ್ರೈವರಿನಿಂದ ಮೀಟಿ ಎತ್ತಿದಳು. ಒಳಗಿನ ತಾಮ್ರದ ನಾಲಿಗೆಗಳ ಮೇಲೆ ಉಪ್ಪಿನ ಹಸಿರು ಕಟ್ಟಿತ್ತು. ಸುಟ್ಟ ಗುರುತು ಎಲ್ಲೂ ಇರಲಿಲ್ಲ. ಅಂದರೆ ನೀರು ಹೊಕ್ಕು ವಿದ್ಯುತ್ತು ದಾರಿ ತಪ್ಪಿ ಗಾಜು ತಾನಾಗಿ ಏರಿರಲಿಲ್ಲ. ಆಕೆ ಫೋಟೋ ತೆಗೆದುಕೊಂಡಳು. ಆಮೇಲೆ ಸ್ಪಿರಿಟ್ಟು ಅದ್ದಿದ ಬಟ್ಟೆಯಿಂದ ನಾಲಿಗೆಗಳನ್ನು ಒಂದೊಂದಾಗಿ ಒರೆಸಿದಳು.

"ಯಾರು ಕಲಿಸಿದ್ರು ನಿಂಗೆ ಇದೆಲ್ಲ?"

"ಅಪ್ಪ. ನಮ್ಮನೇಲೂ ಇಂಥದ್ದೇ ಒಂದು ಡಬ್ಬ ಇತ್ತು. ಅದು ಓಡಿದ್ದಕ್ಕಿಂತ ಬಿಚ್ಕೊಂಡು ನಿಂತಿದ್ದೇ ಹೆಚ್ಚು."

"ನಿಮ್ಮಪ್ಪಂಗೆ ಬಿಚ್ಚೋಕೆ ಮಾತ್ರ ಬರ್ತಿತ್ತು. ಜೋಡಿಸೋಕೆ ನನ್ನ ಹತ್ರಾನೇ ತರ್ತಿದ್ದ."

ಅದು ಸುಳ್ಳಾಗಿರಲಿಲ್ಲ. ಹಿಲ್ಕಾ ನಗು ತಡೆದುಕೊಂಡು ಎಡ ಬಾಗಿಲಿನ ಒಳಹೊದಿಕೆಯನ್ನು ಕಳಚಿದಳು. ತಗಡಿನ ಹೊಟ್ಟೆಯೊಳಗೆ ಮೋಟರು, ಗಾಜನ್ನು ಹಿಡಿದ ಕಬ್ಬಿಣದ ತೋಳು, ತಳದಲ್ಲಿ ಕಡಲಿನ ಒಂದು ಹಿಡಿ ಮರಳು. ಶೆಲ್ಫಿನ ಮೇಲಿದ್ದ ಬ್ಯಾಟರಿಯಿಂದ ಎರಡು ವೈರು ಎಳೆದು ನೇರ ಮೋಟರಿಗೆ ಮುಟ್ಟಿಸಿದಳು. ಮೋಟರು ಗುರುಗುಟ್ಟಿತು. ಗಾಜು ಬೆಚ್ಚಿಬಿದ್ದಂತೆ ಕದಲಿತು.

ಟೈರಿನ ಮೇಲೆ ಔನೆಯ ಬೆನ್ನು ನೆಟ್ಟಗಾಯಿತು.

"ಮೋಟರು ಸರಿ," ಎಂದಳು ಹಿಲ್ಕಾ.

"ಮೋಟರು ಯಾವತ್ತೂ ಸರಿಯಾಗೇ ಇತ್ತು. ಕೆಟ್ಟಿದ್ದು ವೈರು. ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ, ಆ ರಬ್ಬರ್ ಕೊಳವೆ ಒಳಗೆ ವೈರು ಮಡಿಚಿ ಮಡಿಚಿ ಒಂದಿನ ಕಡಿದೋಗುತ್ತೆ. ಹಳೇ ಕಾರಿಗೆಲ್ಲ ಬರೋ ಮಂಡಿನೋವು ಅದು. ನಾನು ಕಡಿದಿದ್ದನ್ನ ಬೆಸೆದು ಕೊಟ್ಟೆ. ಅಷ್ಟೇ."

"ಅದನ್ನೇ ನೋಡ್ಬೇಕಾಗಿರೋದು."

ಎಲ್ಲವೂ ಬಂದು ನಿಂತದ್ದು ಆ ಒಂದು ಬೆಸುಗೆಯ ಮೇಲೆ. ಬಾಗಿಲಿಗೂ ಕಾರಿನ ಮೈಗೂ ನಡುವೆ ಇದ್ದ ಕಪ್ಪು ರಬ್ಬರ್ ಕೊಳವೆಯನ್ನು ಹಿಲ್ಕಾ ಮೆಲ್ಲಗೆ ಹಿಂದಕ್ಕೆ ಸರಿಸಿದಳು. ವೈರಿನ ಮೇಲೆ ಕೆಂಪು ಟೇಪಿನ ಒಂದು ಸುತ್ತು. ಟೇಪು ಬಿಡಿಸಿದಾಗ ಅಕ್ಕಿಕಾಳಿನಷ್ಟು ದಪ್ಪಗೆ, ನುಣ್ಣಗೆ, ಬೆಳ್ಳಗೆ ಬೆಸುಗೆ ಕಂಡಿತು. ಆಕೆ ಅದನ್ನು ಎರಡೂ ಕಡೆಯಿಂದ ಎಳೆದು ನೋಡಿದಳು. ಬಿಡಲಿಲ್ಲ.

ಫ್ಯೂಸನ್ನು ಮತ್ತೆ ಅದರ ಜಾಗಕ್ಕೆ ಹಾಕಿ, ಶೆಲ್ಫಿನ ಬ್ಯಾಟರಿಯನ್ನು ಕಾರಿಗೆ ಜೋಡಿಸಿದಳು. ಮೋಟರಿಗೆ ಹೋಗುವ ವೈರಿನ ತುದಿಗೆ ಪರೀಕ್ಷೆಯ ಪುಟ್ಟ ದೀಪ ಸಿಕ್ಕಿಸಿ, ಕಾರಿನೊಳಕ್ಕೆ ಬಗ್ಗಿ ಸ್ವಿಚ್ ಒತ್ತಿದಳು.

ದೀಪ ಉರಿಯಿತು.

ಔನೆ ಕಂಕುಳಿಂದ ಒಂದು ಕೈ ತೆಗೆದು, ಅಂಗೈಯಿಂದ ಮುಖವನ್ನು ಮೇಲಿಂದ ಕೆಳಕ್ಕೆ ಒಮ್ಮೆ ಒರೆಸಿಕೊಂಡಳು.

ಹಿಲ್ಕಾ ಮೋಟರನ್ನು ಮತ್ತೆ ವೈರಿಗೆ ಜೋಡಿಸಿ ಸ್ವಿಚ್ ಒತ್ತಿದಳು. ಎಡಗಡೆಯ ಗಾಜು ಒಮ್ಮೆ ತಡವರಿಸಿ, ಆಮೇಲೆ ಒಂದೇ ಸಮನೆ ಕೆಳಗಿಳಿಯಿತು. ಮೇಲೆ ಬಂತು. ಮತ್ತೆ ಇಳಿಯಿತು, ಮತ್ತೆ ಏರಿ ಕೂತಿತು. ಅದರ ಜೊತೆಗೆ ಮರಳಿನ ಸಣ್ಣ ಕಿರಗುಟ್ಟುವಿಕೆ. ಅಷ್ಟು ಬಿಟ್ಟರೆ ಅಂಗಡಿಯಿಂದ ಈಗಷ್ಟೇ ತಂದ ಗಾಜಿನ ಹಾಗೆ.

"ಹೇಳಿದ್ನಲ್ಲ," ಎಂದಳು ಔನೆ. ದನಿ ಒಡೆದಿತ್ತು. "ನಾನು ಬೆಸೆದಿದ್ದು ಬಿಡಲ್ಲ ಅಂತ ಮೊದಲ್ನೇ ದಿನಾನೇ ಹೇಳಿದ್ನಲ್ಲ. ಯಾರು ಕೇಳಿದ್ರಿ? ಅಂಗಡೀಲಿ ನನ್ನ ಕಂಡ್ರೆ ಜನ ಬ್ರೆಡ್ಡಿನ ಕಡೆ ತಿರುಗಿ ನಿಂತ್ಕೊಳ್ತಾರೆ. ಚರ್ಚಲ್ಲಿ ನನ್ನ ಬೆಂಚಿಗೆ ಯಾರೂ ಬರಲ್ಲ. ತೊಯ್ವೊ ಒಬ್ಬನೇ ಪಕ್ಕದಲ್ಲಿ ಕೂತಿರ್ತಾನೆ ಪಾಪ, ತಲೆ ತಗ್ಗಿಸ್ಕೊಂಡು."

ತೊಯ್ವೊ ಆಕೆಯ ಗಂಡ. ಮಾತು ಕಮ್ಮಿಯ ಮನುಷ್ಯ. ಬಲೆ ನೋಡಲು ಹೋಗಿ, ಮಂಜುಗಡ್ಡೆಯಲ್ಲಿ ಬಾಯ್ದೆರೆದ ಕಪ್ಪು ತೂತನ್ನು ಮೊದಲು ಕಂಡು ಊರಿಗೆ ಸುದ್ದಿ ತಂದವನೂ ಅವನೇ.

"ಕಾಫಿ ಕುಡಿ," ಎಂದಳು ಔನೆ. ಒಲೆಯ ಮೇಲಿನ ಕೆಟಲಿನಿಂದ ಎರಡು ಲೋಟಕ್ಕೆ ಬಗ್ಗಿಸಿದಳು. ಅವಳ ಕೈ ಈಗ ಕಂಕುಳಲ್ಲಿರಲಿಲ್ಲ. ಮುಖದಲ್ಲಿ ಹತ್ತು ವರ್ಷ ಇಳಿದಿತ್ತು. "ಕುಡಿದು, ಔಲುವಿಗೆ ಫೋನ್ ಮಾಡು. ಔನೆ ಮುದುಕಿ ಯಾರನ್ನೂ ಕೊಂದಿಲ್ಲ ಅಂತ ಹೇಳು."

ಹಿಲ್ಕಾ ಲೋಟ ಹಿಡಿದುಕೊಂಡು ಕಾರನ್ನೇ ನೋಡುತ್ತ ನಿಂತಳು. ಕಾಫಿ ಬಿಸಿಯಾಗಿತ್ತು, ಕಹಿಯಾಗಿತ್ತು. ಒಂದು ಲೆಕ್ಕ ತೀರಿದ ಜಾಗದಿಂದ ಇನ್ನೊಂದು ಎದ್ದು ಬರುತ್ತಿತ್ತು.

ಎಡಗಡೆಯ ಗಾಜು ಕೆಲಸ ಮಾಡುತ್ತಿತ್ತು ಎಂದಾದರೆ ಆರ್ವಿ ಅದನ್ನೇ ಇಳಿಸುತ್ತಿದ್ದ. ಬಲಗಡೆಯದನ್ನು ಇಳಿಸಲು ಅವನಿಗೆ ಕಾರಣವೇ ಇರಲಿಲ್ಲ. ಆದರೂ ಅದು ಇಳಿದಿತ್ತು.

"ಅತ್ತೆ," ಎಂದಳು. ತಾನು ಹಾಗೆ ಕರೆದದ್ದು ಆಕೆಗೆ ಗೊತ್ತಾಗಲಿಲ್ಲ. "ಮಂಜಿನ ಮೇಲೆ ಹೋಗುವಾಗ ಬಲಗಡೆ ಗಾಜು ಇಳಿಸೋದು ಯಾರು?"

"ಯಾರು ಅಂದ್ರೆ? ಬಲಗಡೆ ಕೂತೋರು."

"ಯಾರೂ ಕೂತಿಲ್ದಿದ್ರೆ?"

"ಇಳಿಸಲ್ಲ. ಸುಮ್ನೆ ಚಳಿ ಯಾಕೆ ತಿನ್ಬೇಕು?"

ಅಷ್ಟು ಹೇಳಿ ಔನೆ ಲೋಟವನ್ನು ತುಟಿಯಿಂದ ಇಳಿಸಿದಳು.

"ಯಾರೋ ಪಕ್ಕದಲ್ಲಿದ್ರು," ಎಂದಳು ಹಿಲ್ಕಾ. "ಆರ್ವಿ ಗಾಜು ಇಳಿಸ್ಕೊಂಡೇ ಹೋಗಿದ್ದ. ಅದನ್ನ ಏರಿಸಿದ್ದು ಅವನಲ್ಲ. ಸ್ವಿಚ್ಚು ಇರೋದು ಸೀಟಿನ ನಡುವೆ. ಪಕ್ಕದಲ್ಲಿ ಕೂತೋರ ಕೈಗೂ ಎಟುಕುತ್ತೆ. ಹಣೆ ಮೇಲಿನ ಪೆಟ್ಟು ಸ್ಟೀರಿಂಗಿಂದೇ ಆಗ್ಬೇಕು ಅಂತೇನಿಲ್ಲ."

"ಇಲ್ಪೊ," ಎಂದಳು ಔನೆ ತಟ್ಟನೆ. "ಆ ಟಾಂಪೆರೆ ಪಟ್ಟಣದ ಹುಡುಗ. ಅದಕ್ಕೇ ಇಲ್ಲಿ ಬಂದು ಕೂಗಾಡಿದ್ದು."

ಹಿಲ್ಕಾ ಅಲ್ಲವೆಂದು ತಲೆಯಾಡಿಸಿದಳು. ಹೋದ ಚಳಿಗಾಲ ಟ್ಯಾಕ್ಸಿಯಲ್ಲಿ ದ್ವೀಪಕ್ಕೆ ಬರುವಾಗ ಇಲ್ಪೊ ಗಾಜು ಇಳಿಸಲು ಒಪ್ಪದೆ ಜಗಳವಾಡಿದ್ದು, ಟ್ಯಾಕ್ಸಿಯವನು ಅವನನ್ನು ಹೆಪ್ಪುಗಟ್ಟಿದ ಸಮುದ್ರದ ನಡುವೆಯೇ ಇಳಿಸಿ ನಡೆಯಲು ಬಿಟ್ಟದ್ದು ಇಡೀ ಊರಿಗೆ ಗೊತ್ತಿದ್ದ ತಮಾಷೆ. "ಇಲ್ಪೊ ಆಗಿದ್ರೆ ಬಲಗಡೆ ಗಾಜು ಮೇಲೇ ಇರ್ತಿತ್ತು. ಏನು ಮಾಡೋಕೆ ಹೊರಟಿದ್ರೂ ಸರಿ, ಕಾರು ಮಂಜಿಗೆ ಇಳಿದ ತಕ್ಷಣ ಯೋಚನೆ ಮಾಡ್ದೆ ಗಾಜು ಇಳಿಸೋರು ಯಾರು ಹೇಳಿ? ಇಲ್ಲಿಯವರು."

ಒಲೆಯಲ್ಲಿ ಕಟ್ಟಿಗೆಯೊಂದು ಸಿಡಿಯಿತು.

"ಹಾಗಾದ್ರೆ ಊರಲ್ಲಿ ಇರೋರೆಲ್ಲ ಕಳ್ಳರೇ," ಎಂದಳು ಔನೆ, ಅರ್ಧ ನಗುತ್ತ. ತನ್ನ ಮೇಲಿನ ಭಾರ ಇಳಿದವಳ ಧಾರಾಳ ಇನ್ನೂ ಅವಳಲ್ಲಿತ್ತು. "ಪಾದ್ರಿಯಿಂದ ಶುರು ಮಾಡು. ಅವರ ಮನೆ ಹತ್ತಿರದಲ್ಲೇ ಇದೆ."

"ಬಲಗಡೇದೂ ಒಂದ್ಸಲ ನೋಡ್ಬಿಡ್ತೀನಿ."

ಹಿಲ್ಕಾ ಕಾರಿನೊಳಕ್ಕೆ ಬಗ್ಗಿ ಬಲಗಡೆಯ ಸ್ವಿಚ್ಚನ್ನು ಮೇಲಕ್ಕೆ ಒತ್ತಿದಳು. ಏನೂ ಆಗಲಿಲ್ಲ. ಕೆಳಕ್ಕೆ ಒತ್ತಿದಳು. ಮೋಟರಿನ ಸದ್ದೇ ಇಲ್ಲ. ನಾಲಿಗೆಗಳನ್ನು ಮತ್ತೆ ಒರೆಸಿದಳು. ಎಡಗಡೆಯ ಸ್ವಿಚ್ಚನ್ನು ಕಿತ್ತು ಬಲಗಡೆಯ ಜಾಗಕ್ಕೆ ಹಾಕಿ ನೋಡಿ, ಮತ್ತೆ ಮೊದಲಿನ ಜಾಗಕ್ಕೇ ಸೇರಿಸಿದಳು. ಗಾಜು ಬಾಗಿಲಿನ ಹೊಟ್ಟೆಯೊಳಗೇ ಮಲಗಿತ್ತು.

"ಇದು ಸತ್ತಿದೆ."

"ಸತ್ತಿಲ್ಲ, ಮೊಂಡು." ಔನೆ ಎದ್ದಳು. ಸರಸರನೆ ಬಂದು ಬಲಬಾಗಿಲಿನ ಮುಂದೆ ನಿಂತಳು. ಮುಟ್ಟಕೂಡದೆಂಬುದು ಇಬ್ಬರಿಗೂ ಮರೆತಿತ್ತು. "ಒಳಗೆ ಮೋಟರಿಗೆ ಕರೆಂಟು ಮುಟ್ಟಿಸೋ ಇದ್ದಿಲು ತುಂಡು ಸವೆದಿದೆ. ಸುಮ್ನೆ ಒತ್ತಿದ್ರೆ ಏಳಲ್ಲ. ನೀನು ಒತ್ತಿ ಹಿಡ್ಕೋ. ಹಿಡ್ಕೊಂಡ್ಯಾ? ಹಿಡ್ಕೊಂಡಿರು, ಬಿಡ್ಬೇಡ."

ತೆರೆದ ಕಿಟಕಿಯೊಳಗೆ ಕೈ ತೂರಿಸಿ, ಬಾಗಿಲಿನ ಒಳಮೈಗೆ, ಹಿಡಿಕೆಗಿಂತ ಒಂದು ಗೇಣು ಕೆಳಗೆ, ಅಂಗೈಯಿಂದ ಫಟ್ಟನೆ ಹೊಡೆದಳು.

ಮೋಟರು ನಿದ್ದೆಯಿಂದ ಎದ್ದವರ ಹಾಗೆ ನರಳಿತು. ಬಲಗಡೆಯ ಗಾಜು ನಡುಗುತ್ತ ಏರಿ ಬಂದು ಚೌಕಟ್ಟಿಗೆ ಕೂತಿತು. ಔನೆ ಸಮಯಕ್ಕೆ ಸರಿಯಾಗಿ ಕೈ ಹೊರಗೆ ಎಳೆದುಕೊಂಡಿದ್ದಳು.

"ನೋಡಿದ್ಯಾ? ಇಳಿಸೋಕೂ ಹೀಗೇ. ಇದನ್ನೂ ಸರಿ ಮಾಡ್ಕೊಡ್ತೀನಿ ಅಂದೆ ಆರ್ವಿಗೆ. ಯಾರು ಕೂರ್ತಾರೆ ಅಲ್ಲಿ, ಬಿಡು ಅಂದ."

ಹಿಲ್ಕಾ ಸ್ವಿಚ್ಚಿನ ಮೇಲಿಂದ ಬೆರಳು ತೆಗೆದಳು. ಚಾಲಕನ ಸೀಟಿನಲ್ಲಿ ನೆಟ್ಟಗೆ ಕೂತಳು. ಎಡಗೈಯಿಂದ ಸ್ಟೀರಿಂಗ್ ಹಿಡಿದಳು. ಬಲಗೈಯನ್ನು ಬಲಬಾಗಿಲಿನ ಕಡೆಗೆ ಚಾಚಿದಳು. ಬೆರಳ ತುದಿಗೂ ಔನೆ ಹೊಡೆದ ಜಾಗಕ್ಕೂ ನಡುವೆ ಇನ್ನೂ ಒಂದು ಮೊಳ ಉಳಿದಿತ್ತು. ಚಾಚಿದ ಕೈ ಸ್ವಿಚ್ಚನ್ನು ಬಿಟ್ಟು ಬಂದಿತ್ತು ಬೇರೆ.

ಓಡಿಸುವವನಿಂದ ಆಗುವ ಕೆಲಸವಲ್ಲ. ಪಕ್ಕದಲ್ಲಿ ಕೂತವರಿಂದ ಮಾತ್ರ ಆಗುವ ಕೆಲಸ. ಪಕ್ಕದಲ್ಲಿ ಕೂತ ಎಲ್ಲರಿಂದಲೂ ಅಲ್ಲ. ಎಲ್ಲಿ ಹೊಡೆಯಬೇಕೆಂದು ಗೊತ್ತಿದ್ದವರಿಂದ.

"ಈ ಏಟು ಯಾರ್ಯಾರಿಗೆ ಗೊತ್ತು ಅತ್ತೆ?"

"ನಂಗೆ ಗೊತ್ತು. ನಾನೇ ಕಂಡು ಹಿಡಿದಿದ್ದು. ಆರ್ವಿಗೆ ತೋರಿಸ್ಕೊಟ್ಟಿದ್ದೆ, ಶರತ್ಕಾಲದಲ್ಲಿ, ಇಲ್ಲೇ ಅಂಗಳದಲ್ಲಿ. ಅವನು ಸ್ವಿಚ್ಚು ಒತ್ಕೊಂಡು ಕೂತಿದ್ದ, ನಾನು ಹೇಳ್ದಂಗೆ ಈ ಕಡೆಯಿಂದ ಹೊಡೆದಿದ್ದು..."

ಮಾತು ನಿಂತಿತು.

ಗಾಜಿನಾಚೆ ಔನೆಯ ಮುಖ ಕಾಣುತ್ತಿತ್ತು. ಕಡಲಿನ ಉಪ್ಪು ಗಾಜಿನ ಮೇಲೆ ಬಿಳಿ ಪೊರೆಯಾಗಿ ಒಣಗಿದ್ದರಿಂದ ಆ ಮುಖ ನೀರಿನಡಿಯಲ್ಲಿದ್ದಂತೆ ಮಸುಕಾಗಿತ್ತು. ಬಾಯಿ ಇನ್ನೂ ತೆರೆದೇ ಇತ್ತು. ಮುಂದಿನ ಹೆಸರು ಅಲ್ಲಿಯವರೆಗೆ ಬಂದು ನಾಲಿಗೆಯ ಮೇಲೆ ಕೂತಿತ್ತು.

"ಈ ಕಡೆಯಿಂದ ಹೊಡೆದಿದ್ದು ಯಾರು?"

"ನೆನಪಿಲ್ಲ."

"ಆರ್ವಿ ಒಳಗೆ ಕೂತಿದ್ದ. ನೀವು ನಿಂತು ಹೇಳ್ತಿದ್ರಿ. ಹೊಡೆದಿದ್ದು ಮೂರನೆಯವರು. ಅತ್ತೆ, ಅವರು ಹೆಂಗಸಾ, ಗಂಡಸಾ?"

"ನೆನಪಿಲ್ಲ ಅಂದ್ನಲ್ಲ!"

"ನಿಮಗೆ ಕೆಟ್ಟ ಕಾರು ನೆನಪಿರುತ್ತೆ, ಕಾರಿನ ನೋವು ನೆನಪಿರುತ್ತೆ. ಮನುಷ್ಯರು ನೆನಪಿರಲ್ವಾ?"

ಔನೆ ಕಾರಿನ ಮೂತಿಯನ್ನು ಬಳಸಿ ನಿಧಾನವಾಗಿ ಎಡಗಡೆಗೆ ನಡೆದು ಬಂದಳು. ಅವಳ ಮುಖದಿಂದ ಇಳಿದಿದ್ದ ಹತ್ತು ವರ್ಷ ಮತ್ತೆ ಬಂದು ಕೂತಿತ್ತು. ತೆರೆದ ಬಾಗಿಲಿನ ಪಕ್ಕ ಮಂಡಿಯೂರಿ, ರಬ್ಬರ್ ಕೊಳವೆಯ ಹತ್ತಿರ ಮುಖ ತಂದು ತನ್ನ ಬೆಸುಗೆಯನ್ನು ನೋಡಿದಳು. ಚೆನ್ನಾಗಿ ಬಂದ ಕೆಲಸವನ್ನು ನೋಡುವಂತೆ ನೋಡಿದಳು.

"ನನ್ನ ಮೇಲೆ ಮೊಕದ್ದಮೆ ಬಿದ್ರೆ ಎಷ್ಟು ವರ್ಷ ಆಗುತ್ತೆ?" ಎಂದು ಕೇಳಿದಳು.

"ಅದು ಈಗ ಬೀಳಲ್ಲ. ಗಾಜು ಸರಿ ಇದೆಯಲ್ಲ."

"ಬಿದ್ರೆ ಅಂತ ಕೇಳ್ದೆ. ನಿರ್ಲಕ್ಷ್ಯಕ್ಕೆ. ಮುದುಕಿ ಅಂತ ಕಮ್ಮಿ ಮಾಡ್ತಾರೇನೋ. ಕೊಲೆ ಅಂದ್ರೆ ಕಮ್ಮಿ ಮಾಡಲ್ಲ, ಅಲ್ವಾ?"

ಹೊರಗೆ ಹಿಮದ ಮೇಲೆ ಕಾಲ್ಸದ್ದು ಕೇಳಿತು. ಯಾರೋ ಮೆಟ್ಟಿಲಿಗೆ ಬೂಟು ಬಡಿದು ಹಿಮ ಕೊಡವುತ್ತಿದ್ದರು. ಒಂದು ಕಾಲು, ಇನ್ನೊಂದು ಕಾಲು. ಆಮೇಲೆ ಕೆಮ್ಮು.

ಔನೆಯ ಕಣ್ಣು ಬಾಗಿಲಿಗೆ ಹೋಗಿ ಹಿಂದಿರುಗಿತು. ಆ ಕೆಮ್ಮು ಯಾರದೆಂದು ನೋಡಬೇಕಾದ ಅಗತ್ಯ ಅವಳಿಗಿರಲಿಲ್ಲ.

ಹಿಲ್ಕಾ ಸೀಟಿನಿಂದ ಏಳುವಷ್ಟರಲ್ಲಿ ಔನೆಯ ಕೈ ಏಪ್ರನ್ನಿನ ಜೇಬಿಗೆ ಹೋಗಿ ಬಂದಿತ್ತು. ಕಟಿಂಗ್ ಪ್ಲೇಯರ್ ಒಮ್ಮೆ ಹೊಳೆಯಿತು. ಚಿಟ್ ಎಂದು ಸಣ್ಣ ಸದ್ದಾಯಿತು. ಎರಡನೆಯ ಸಲ ಇನ್ನೂ ಸಣ್ಣ ಸದ್ದು. ಬೆಸುಗೆಯ ಬೆಳ್ಳನೆಯ ಕಾಳು ನೆಲಕ್ಕೆ ಬಿದ್ದು, ಮರಳಿನಲ್ಲಿ ಉರುಳಿ, ಒಲೆಯ ಜಾಲರಿಯ ಸಂದಿಯಿಂದ ಬೂದಿಗೆ ಇಳಿದುಹೋಯಿತು.

"ಅತ್ತೆ!"

ಹಿಲ್ಕಾ ಸ್ವಿಚ್ ಒತ್ತಿದಳು. ಎಡಗಡೆಯ ಗಾಜು ಕದಲಲಿಲ್ಲ. ಮತ್ತೆ ಒತ್ತಿದಳು. ಆಕೆ ತೆಗೆದ ಫೋಟೋಗಳಲ್ಲಿ ಇದ್ದದ್ದು ಸ್ವಿಚ್ಚು ಮಾತ್ರ. ಗಟ್ಟಿಯಾಗಿದ್ದ ಬೆಸುಗೆಯಾಗಲಿ, ಗಾಜು ಇಳಿದು ಏರಿದ್ದಾಗಲಿ ಯಾವ ಫೋಟೋದಲ್ಲೂ ಇರಲಿಲ್ಲ. ಅದನ್ನು ಕಂಡ ಕಣ್ಣುಗಳು ನಾಲ್ಕು. ಅವುಗಳಲ್ಲಿ ಎರಡು ಈಗ ನೆಲ ನೋಡುತ್ತಿದ್ದವು.

"ನನ್ನ ಬೆಸುಗೆ ಬಿಟ್ಟು ಹೋಗಿತ್ತು," ಎಂದಳು ಔನೆ, ಮಂಡಿಯ ಮೇಲಿಂದ ಏಳುತ್ತ. ದನಿ ಹದವಾಗಿತ್ತು, ಅಂಗಡಿಯಲ್ಲಿ ಸಾಮಾನು ಹೇಳುವವರ ಹಾಗೆ. "ಗಾಜು ಇಳೀಲೇ ಇಲ್ಲ. ಅವನು ಒಬ್ನೇ ಇದ್ದ. ಔಲುವಿಗೆ ಹಾಗೇ ಹೇಳು, ಹುಡುಗಿ. ಸಂಜೆ ಒಳಗೆ ಮುಗಿಸ್ಬೇಕು ಅಂತಿದ್ರಲ್ಲ."

ಬಾಗಿಲು ತೆರೆಯಿತು. ಚಳಿಯ ಹಿಂದೆಯೇ ತೊಯ್ವೊ ಒಳಗೆ ಬಂದ. ಹುಬ್ಬಿನ ಮೇಲೆ ಹಿಮ, ಭುಜದ ಮೇಲೆ ಮೀನಿನ ಚೀಲ. ಅವನು ಹೆಂಡತಿಯನ್ನು ನೋಡಿದ, ಸೀಟಿನಲ್ಲಿದ್ದ ಹಿಲ್ಕಾಳನ್ನು ನೋಡಿದ.

"ಏನಾಯ್ತು? ಇಳೀತಾ ಗಾಜು?"

"ಇಲ್ಲ," ಎಂದಳು ಔನೆ. "ನನ್ನ ಕೆಲಸಾನೇ ಕೆಟ್ಟಿತ್ತು ತೊಯ್ವೊ. ನೀನು ಮನೆಗೆ ನಡಿ. ನಾನೂ ಬಂದೆ."

ಅವನು ಮನೆಗೆ ನಡೆಯಲಿಲ್ಲ. ಹೆಂಡತಿ ಹೇಳಿದ್ದು ಕಿವಿಗೆ ಬಿದ್ದಂತೆಯೂ ಇರಲಿಲ್ಲ. ಅವನ ಕಣ್ಣು ಕಾರನ್ನು ದಾಟಿ ಬಲಗಡೆಗೆ ಹೋಗಿ, ಮುಚ್ಚಿದ ಗಾಜಿನ ಮೇಲೆ ನಿಂತಿತ್ತು. ಮೀನಿನ ಚೀಲ ಭುಜದಿಂದ ಮೆಲ್ಲಗೆ ಜಾರಿತು.

"ಆ ಕಡೇದನ್ನ ಎತ್ತಿದ್ದು ಯಾರು?" ಎಂದು ಕೇಳಿದ.